ವಾರಾಂತ್ಯದ ತೆಮಾರಿ ಕೂಟ: ಆತಿಥೇಯರು ಪದೇ ಪದೇ ಕೇಳುವ ಪ್ರಶ್ನೆಗಳು

ತೆಮಾರಿ, ಅಂದರೆ ಮೈಮೇಲೆ ಬಣ್ಣದ ನೂಲಿನಿಂದ ವಿನ್ಯಾಸ ಹೊಲಿದ ಜಪಾನಿನ ನೂಲಿನ ಚೆಂಡು, ಬಹುಮಟ್ಟಿಗೆ ಒಬ್ಬೊಬ್ಬರೇ ಕುಳಿತು ಹೊಲಿಯುವ ಕಸುಬು. ಹಾಗಿರುವಾಗ ಅದನ್ನು ಕೈಗೆತ್ತಿಕೊಂಡಿರುವ ಹಲವರು ಶನಿವಾರ ಮತ್ತು ಭಾನುವಾರ ಒಂದೇ ಕೋಣೆಯಲ್ಲಿ ಕುಳಿತು ಕೆಲಸ ಮಾಡುವ ಅವಕಾಶ ಅಪರೂಪದ್ದು, ಮತ್ತು ಅದನ್ನು ಚೆನ್ನಾಗಿ ನಡೆಸಿಕೊಡುವುದು ಆತಿಥೇಯರ ಮುಂಚಿನ ಸಿದ್ಧತೆಯನ್ನೇ ಅವಲಂಬಿಸಿದೆ. ಮೊದಲ ಬಾರಿಗೆ ಇಂಥ ಕೂಟ ಏರ್ಪಡಿಸುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಎಷ್ಟು ಜನರನ್ನು ಕರೆಯಬಹುದು?

ಎಂಟರಿಂದ ಹತ್ತು ಜನರಿಗೆ ನಿಲ್ಲಿಸುವುದು ಒಳ್ಳೆಯದು. ಈ ಮಿತಿಯನ್ನು ನಿರ್ಧರಿಸುವುದು ಕೋಣೆಯ ಅಳತೆಯಲ್ಲ, ಹೊಲಿಗೆಗೆ ಮುನ್ನ ಚೆಂಡನ್ನು ಸಮಭಾಗ ಮಾಡಲು ಅದರ ಮೇಲೆ ಹಾಕುವ ಗುರುತುಗಳನ್ನು ಪರೀಕ್ಷಿಸಬಲ್ಲ ಕಣ್ಣುಗಳ ಸಂಖ್ಯೆ. ಗುರುತು ಸರಿಯಿದೆಯೇ ಎಂದು ನೋಡಿ ಹೇಳಬಲ್ಲ ಒಬ್ಬರು ನಾಲ್ಕು ಅಥವಾ ಐದು ಜನರಿಗೆ ಸಾಕಾಗುತ್ತಾರೆ. ಅದಕ್ಕಿಂತ ಹೆಚ್ಚಾದರೆ ಕಾಯುವವರು ಬೇಸತ್ತು, ಪರೀಕ್ಷೆಗೆ ಕಾಯದೆ ಹೊಲಿಗೆ ಆರಂಭಿಸಿಬಿಡುತ್ತಾರೆ. ಆದ್ದರಿಂದ ನಿಮ್ಮ ಜೊತೆಗೆ ಇನ್ನೊಬ್ಬ ಅನುಭವಿ ಇದ್ದರೆ ಮಾತ್ರ ಹತ್ತು ಜನರಿಗೆ ಒಪ್ಪಿಕೊಳ್ಳಿ.

ಪ್ರಶ್ನೆ: ಹೊಸಬರನ್ನೂ ಪಳಗಿದವರನ್ನೂ ಒಟ್ಟಿಗೆ ಕೂರಿಸಬಹುದೇ?

ಕೂರಿಸಬಹುದು, ಆದರೆ ಎಲ್ಲರಿಗೂ ಒಂದೇ ವಿನ್ಯಾಸ ಕೊಡಬೇಡಿ. ಹೊಸಬರು ಎಂಟು ಭಾಗಗಳ ಸರಳ ವಿಭಜನೆಯಲ್ಲಿ ಕೆಲಸ ಮಾಡಲಿ, ಪಳಗಿದವರು ಸಂಯುಕ್ತ ವಿಭಜನೆಗೆ, ಅಂದರೆ ಇನ್ನಷ್ಟು ವೃತ್ತಗಳನ್ನು ಸೇರಿಸಿ ಚೆಂಡಿನ ಮೈಯೆಲ್ಲ ಹಲವು ಕೇಂದ್ರಗಳಾಗುವಂತೆ ಭಾಗಿಸುವ ಕ್ರಮಕ್ಕೆ ಹೋಗಲಿ. ಎರಡೂ ಗುಂಪಿನ ಮೊದಲ ಎರಡು ತಾಸಿನ ಕೆಲಸ ಮಾತ್ರ ಒಂದೇ: ಭೂಗೋಳದಲ್ಲಿರುವಂತೆ ಚೆಂಡಿಗೆ ಎರಡು ಧ್ರುವ ಹಿಡಿಯುವುದು, ನಡುವೆ ಸಮಭಾಜಕ ಹಾಕುವುದು, ಭಾಗ ಮಾಡುವುದು. ಆ ಹೊತ್ತಿನಲ್ಲಿ ಹೊಸಬರೊಬ್ಬರನ್ನೂ ಅನುಭವಿಯೊಬ್ಬರನ್ನೂ ಅಕ್ಕಪಕ್ಕ ಕೂರಿಸಿದರೆ, ಹೇಳಿಕೊಡದೆಯೇ ಕಲಿಯುವ ಎಷ್ಟೋ ಸಂಗತಿಗಳು ಕೈಯಿಂದ ಕೈಗೆ ದಾಟುತ್ತವೆ. ಎಡಗೈಯವರು ಬಂದಿದ್ದರೆ ಅವರನ್ನು ಕಲಿಸುವವರ ಪಕ್ಕಕ್ಕಲ್ಲ, ಎದುರಿಗೆ ಕೂರಿಸಿ. ಹೊಲಿಗೆಯ ದಿಕ್ಕು ಅವರಿಗೆ ತಿರುವುಮುರುವಾಗುವುದರಿಂದ ಎದುರಿನಿಂದ ನೋಡಿದಾಗ ಅದು ತಾನಾಗಿಯೇ ಸರಿಹೊಂದುತ್ತದೆ.

ಪ್ರಶ್ನೆ: ಒಳಚೆಂಡನ್ನು ಕೂಟದಲ್ಲೇ ಮಾಡಿಸಬೇಕೇ, ಮನೆಯಿಂದ ಮಾಡಿಕೊಂಡು ಬರಲು ಹೇಳಬೇಕೇ?

ಮಾಡಿಕೊಂಡೇ ಬರಲಿ. ಈ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಒಂದು ಚೆಂಡಿಗೆ ನೂಲು ಸುತ್ತಿ ಮುಗಿಸಲು ಹಿಡಿಯುವ ಸಮಯ ನೋಡುವವರಿಗೆ ಅಂದಾಜಾಗುವುದಿಲ್ಲ. ಶನಿವಾರದ ಬೆಳಗ್ಗೆ ಸುತ್ತಲು ಕುಳಿತರೆ ಹೊಸಬರು ಮಧ್ಯಾಹ್ನದವರೆಗೂ ಸುತ್ತುತ್ತಲೇ ಇರುತ್ತಾರೆ, ಕೈ ಸೋತ ಮೇಲೆ ಸೂಜಿ ಹಿಡಿಯುತ್ತಾರೆ. ಹೊಸಬರು ತಾವೇ ಸುತ್ತಲಾರೆವು ಎಂದರೆ ಅವರಿಗಾಗಿ ಆತಿಥೇಯರೇ ಮುಂಚಿತವಾಗಿ ಸುತ್ತಿಡಬೇಕು, ಜೊತೆಗೆ ಒಂದೆರಡು ಹೆಚ್ಚುವರಿ ಚೆಂಡುಗಳೂ ಇರಬೇಕು. ಸುತ್ತುವ ಕ್ರಮವನ್ನು ಬಂದವರಿಗೆ ತೋರಿಸಲು ಶನಿವಾರ ಸಂಜೆಯ ಬಿಡುವಿನ ಹೊತ್ತು ಧಾರಾಳವಾಗಿ ಸಾಕು.

ಆಹ್ವಾನದ ಜೊತೆಯಲ್ಲೇ ಸುತ್ತುವ ವಿವರವನ್ನು ಬರೆದು ಕಳುಹಿಸಿ. ಜಪಾನಿನಲ್ಲಿ ಒಳಗಿನ ತಿರುಳಿಗೆ ಭತ್ತದ ಹೊಟ್ಟನ್ನು ಬಳಸುವ ಪದ್ಧತಿ ಇಂದಿಗೂ ಇದೆ, ಮತ್ತು ಅದನ್ನು ಒಮ್ಮೆ ಬಳಸಿದವರು ಥರ್ಮೋಕೋಲ್ ಉಂಡೆಗೆ ಮರಳಲು ಮನಸ್ಸು ಮಾಡುವುದು ಕಷ್ಟ: ಹೊಟ್ಟಿನ ಚೆಂಡು ಅಂಗೈಯಲ್ಲಿ ಒತ್ತಿದಂತೆ ರೂಪ ತಿದ್ದಿಕೊಳ್ಳುತ್ತದೆ, ಗುಂಡುಸೂಜಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹೊಟ್ಟು ಮಾತ್ರ ಚೆನ್ನಾಗಿ ಒಣಗಿರಬೇಕು. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಅದನ್ನು ತೆಳುವಾದ ಹಳೆಯ ಕಾಲುಚೀಲದಲ್ಲಿ ಕಟ್ಟಿ, ಮೊದಲು ಉಣ್ಣೆಯ ದಾರ, ನಂತರ ತೆಳ್ಳನೆಯ ದಾರ, ಕೊನೆಗೆ ಹೊಲಿಗೆ ಯಂತ್ರದ ನೂಲು, ಹೀಗೆ ಮೂರು ಪದರದಲ್ಲಿ ಸುತ್ತಬೇಕು. ಪ್ರತಿ ಕೆಲವು ಸುತ್ತಿಗೊಮ್ಮೆ ಚೆಂಡನ್ನು ತಿರುಗಿಸುತ್ತಾ, ನೂಲುಗಳು ಒಂದೇ ಬಿಂದುವಿನಲ್ಲಿ ಮತ್ತೆ ಮತ್ತೆ ಹಾಯದಂತೆ ನೋಡಿಕೊಳ್ಳಬೇಕು. ಹಾಗೆ ಹಾದಲ್ಲಿ ಉಬ್ಬು ಏಳುತ್ತದೆ. ಕೆಳಗಿನ ದಾರದ ಬಣ್ಣ ಎಲ್ಲಿಯೂ ಇಣುಕದಷ್ಟು, ಸೂಜಿ ಮೇಲ್ಪದರದಲ್ಲಿ ಸುಲಭವಾಗಿ ನುಸುಳಿ ಹೊರಬರುವಷ್ಟು ನೂಲಿನ ಪದರ ದಪ್ಪವಿರಬೇಕು. ಅಲ್ಲಾಡಿಸಿದರೆ ಸದ್ದು ಬರುವ ಚೆಂಡು ಬೇಕೆನ್ನುವವರು ಗೆಜ್ಜೆಯನ್ನು ನೇರವಾಗಿ ಹೊಟ್ಟಿನೊಳಗೆ ಹಾಕದೆ, ಒಂದು ಪುಟ್ಟ ಡಬ್ಬಿಯಲ್ಲಿಟ್ಟು ಒಳಗಿಡಲಿ.

ಪ್ರಶ್ನೆ: ಯಾವ ಅಳತೆಯ ಚೆಂಡು ಸೂಕ್ತ?

ಸುತ್ತಳತೆ 24ರಿಂದ 30 ಸೆಂ.ಮೀ. ಇರಲಿ. ಇದಕ್ಕಿಂತ ಚಿಕ್ಕದರಲ್ಲಿ ಗುರುತಿನ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ದೊಡ್ಡದಾದರೆ ಎರಡು ದಿನದಲ್ಲಿ ಮುಗಿಯುವುದಿಲ್ಲ.

ಪ್ರಶ್ನೆ: ಹೊಸಬರಿಗೆ ಯಾವ ವಿನ್ಯಾಸ ಕೊಡಬೇಕು?

ಕಿಕು, ಅಂದರೆ ಸೇವಂತಿಗೆ. ಎಂಟು ಭಾಗ ಮಾಡಿದ ಚೆಂಡಿನ ಮೇಲೆ, ಧ್ರುವದ ಹತ್ತಿರ ಒಂದು ಹೊಲಿಗೆ, ಪಕ್ಕದ ಗೆರೆಯಲ್ಲಿ ಸಮಭಾಜಕದ ಕಡೆಗೆ ಒಂದು ಹೊಲಿಗೆ, ಹೀಗೆ ಮೇಲೆ ಕೆಳಗೆ ಅಂಕುಡೊಂಕಾಗಿ ಸುತ್ತು ಬಂದರೆ ನಾಲ್ಕು ಎಸಳು ಮೂಡುತ್ತವೆ. ಬಿಟ್ಟ ಗೆರೆಗಳಿಂದ ಇನ್ನೊಂದು ಬಣ್ಣದಲ್ಲಿ ಅದೇ ಸುತ್ತು ಹಾಕಿದರೆ ಎಂಟಾಗುತ್ತವೆ. ಪ್ರತಿ ಹೊಸ ಸುತ್ತಿನಲ್ಲೂ ಮೇಲಿನ ಹೊಲಿಗೆ ಹಿಂದಿನ ನೂಲುಗಳನ್ನೆಲ್ಲ ಬಳಸಿ ಅವುಗಳ ಅಡಿಯಲ್ಲಿ ಹಾಯಬೇಕು. ಈ ಒಂದು ಹೊಲಿಗೆ ಕೈಗೆ ಬಂದರೆ ತೆಮಾರಿಯ ಅರ್ಧ ವಿನ್ಯಾಸಗಳ ಬಾಗಿಲು ತೆರೆದಂತೆ, ಆದ್ದರಿಂದಲೇ ಇದಕ್ಕಿಂತ ಸುಲಭವಾದ ಪಟ್ಟಿ ಸುತ್ತುವ ವಿನ್ಯಾಸಗಳಿದ್ದರೂ ನಾನು ಸೇವಂತಿಗೆಯನ್ನೇ ಶಿಫಾರಸು ಮಾಡುತ್ತೇನೆ. ತೀರಾ ಹೆದರುವವರಿಗೆ ಮಾತ್ರ ತ್ಸುಮು, ಅಂದರೆ ಕದಿರಿನಾಕಾರದ ವಿನ್ಯಾಸವನ್ನು ಕೊಡಿ.

ಪ್ರಶ್ನೆ: ಗುರುತು ಹಾಕಲು ಇಡೀ ಬೆಳಗು ಬೇಕೇ?

ಬೇಕು. ಕೂಟದ ವೇಳಾಪಟ್ಟಿಯಲ್ಲಿ ಬೇರೆ ಯಾವುದನ್ನಾದರೂ ಮೊಟಕುಗೊಳಿಸಿ, ಇದನ್ನು ಬೇಡ. ಹೊಲಿಗೆಯಲ್ಲಿ ಕಾಣುವ ತಪ್ಪುಗಳಲ್ಲಿ ಹೆಚ್ಚಿನವು ಹೊಲಿಗೆಯ ತಪ್ಪುಗಳೇ ಅಲ್ಲ. ಒಂದು ಎಸಳು ಅಗಲ, ಇನ್ನೊಂದು ಇರುಕು ಎಂದು ಕಂಡಾಗ ಹೊಲಿದವರು ತಮ್ಮ ಕೈಯನ್ನು ದೂರಿಕೊಳ್ಳುತ್ತಾರೆ, ಆದರೆ ಅದರ ಮೂಲ ಬೆಳಗ್ಗೆ ಎರಡು ಮಿಲಿಮೀಟರಿನಷ್ಟು ಜರುಗಿದ ಧ್ರುವದಲ್ಲಿರುತ್ತದೆ.

ಕ್ರಮ ಹೀಗಿದೆ. ಸುಮಾರು ಒಂದು ಸೆಂ.ಮೀ. ಅಗಲದ, ಸುತ್ತಳತೆಗಿಂತ ಸ್ವಲ್ಪ ಉದ್ದದ ಕಾಗದದ ಪಟ್ಟಿಯನ್ನು ತೆಗೆದುಕೊಂಡು ಅದರ ಒಂದು ತುದಿಯನ್ನು ಬಿಳಿ ತಲೆಯ ಗುಂಡುಸೂಜಿಯಿಂದ ಚೆಂಡಿಗೆ ಚುಚ್ಚಬೇಕು. ಅದು ಉತ್ತರ ಧ್ರುವ. ಪಟ್ಟಿಯನ್ನು ಚೆಂಡಿನ ಸುತ್ತ ಒಮ್ಮೆ ಒಯ್ದು, ಸೂಜಿಗೆ ಮರಳಿ ತಾಗುವಲ್ಲಿ ಮಡಿಸಿ ಹೆಚ್ಚಾದುದನ್ನು ಕತ್ತರಿಸಬೇಕು. ಈಗ ಪಟ್ಟಿಯ ಉದ್ದವೇ ಚೆಂಡಿನ ಸುತ್ತಳತೆ. ಅದನ್ನು ಅರ್ಧಕ್ಕೆ ಮಡಿಸಿ ಮಡಿಕೆಯ ಅಂಚಿನಲ್ಲಿ ಸಣ್ಣ ಕಚ್ಚು ಕೊಟ್ಟರೆ ದಕ್ಷಿಣ ಧ್ರುವದ ದೂರ, ಕಾಲಿಗೆ ಮಡಿಸಿ ಕಚ್ಚು ಕೊಟ್ಟರೆ ಸಮಭಾಜಕದ ದೂರ ಸಿಗುತ್ತದೆ.

ಹೊಸಬರು ತಪ್ಪದೆ ಅವಸರ ಮಾಡುವುದು ಇದರ ಮುಂದಿನ ಹೆಜ್ಜೆಯಲ್ಲಿ. ದಕ್ಷಿಣ ಧ್ರುವದ ಸೂಜಿಯನ್ನು ಒಂದೇ ಕಡೆಯಿಂದ ಅಳೆದು ನೆಟ್ಟರೆ ಸಾಲದು. ಉತ್ತರದ ಸೂಜಿಯ ಸುತ್ತ ಪಟ್ಟಿಯನ್ನು ತಿರುಗಿಸುತ್ತಾ ಕನಿಷ್ಠ ನಾಲ್ಕು ದಿಕ್ಕುಗಳಿಂದ ಮತ್ತೆ ಅಳೆಯಬೇಕು. ಪ್ರತಿ ಸಲವೂ ಅರ್ಧದ ಕಚ್ಚು ಸೂಜಿಯ ಬುಡಕ್ಕೇ ಬಂದು ನಿಲ್ಲಬೇಕು. ಒಂದು ಕಡೆ ಮುಂದೆ, ಎದುರು ಕಡೆ ಹಿಂದೆ ಬೀಳುತ್ತಿದ್ದರೆ ಸೂಜಿಯನ್ನು ಆ ಅಂತರದ ಅರ್ಧದಷ್ಟು ಜರುಗಿಸಿ ಮತ್ತೆ ಸುತ್ತು ಬರಬೇಕು. ಎಷ್ಟು ಜರುಗಿಸಿದರೂ ಹೊಂದದಿದ್ದರೆ ಚೆಂಡೇ ಗುಂಡಗಿಲ್ಲ ಎಂದರ್ಥ. ಆಗ ಅದನ್ನು ಮೇಜಿನ ಮೇಲೆ ಅಂಗೈಯಿಂದ ಒತ್ತಿ ಉರುಳಿಸಿ ತಿದ್ದಬೇಕು, ಅದಕ್ಕೂ ಬಗ್ಗದಿದ್ದರೆ ಹೆಚ್ಚುವರಿ ಚೆಂಡು ಕೊಡಬೇಕು. ನಂತರ ಸಮಭಾಜಕದ ಸೂಜಿಗಳು, ಅದೇ ಪಟ್ಟಿಯನ್ನು ಎಂಟಕ್ಕೆ ಮಡಿಸಿ ಸಮಭಾಜಕದ ಸುತ್ತ ಹಾಕಿ ಎಂಟು ಭಾಗಗಳು, ಕೊನೆಗೆ ಜರಿ ನೂಲಿನಿಂದ ಗೆರೆ.

ಗುರುತಿನ ನೂಲಿಗೆ ಗಂಟು ಹಾಕುವುದಿಲ್ಲ. ಧ್ರುವದಿಂದ ಎರಡು ಮೂರು ಸೆಂ.ಮೀ. ದೂರದಲ್ಲಿ ಸೂಜಿ ಒಳಹೊಕ್ಕು ಧ್ರುವದಲ್ಲಿ ಹೊರಬರುತ್ತದೆ, ನೂಲಿನ ಬಾಲ ಸುತ್ತಿನೊಳಗೆ ಮಾಯವಾಗುತ್ತದೆ. ಎಂಟು ಭಾಗಕ್ಕೆ ಧ್ರುವದಿಂದ ಧ್ರುವಕ್ಕೆ ನಾಲ್ಕು ಪೂರ್ಣ ಸುತ್ತು, ಸಮಭಾಜಕಕ್ಕೆ ಒಂದು. ಹಾಗಾಗಿ ಸುತ್ತಳತೆಯ ಐದು ಪಟ್ಟು ಮತ್ತು ಮೇಲಿಷ್ಟು ಉದ್ದದ ನೂಲು ಬೇಕು. ಎರಡೂ ಧ್ರುವಗಳಲ್ಲಿ ಗೆರೆಗಳು ಕೂಡುವ ಕಡೆ ಒಂದು ಸಣ್ಣ ಹೊಲಿಗೆಯಿಂದ ಬಿಗಿಯುವವರೆಗೂ ಸೂಜಿ ಕೀಳಬಾರದು.

ಪರೀಕ್ಷೆ ಆಗದ ಚೆಂಡಿಗೆ ಬಣ್ಣದ ನೂಲು ಮುಟ್ಟಿಸಬಾರದು ಎಂಬ ನಿಯಮವನ್ನು ಆರಂಭದಲ್ಲೇ ಎಲ್ಲರಿಗೂ ತಿಳಿಸಿ. ಅದು ಕಟ್ಟುನಿಟ್ಟು ಎನಿಸಬಹುದು, ಆದರೆ ಭಾನುವಾರ ಮಧ್ಯಾಹ್ನ ಹತ್ತು ಸುತ್ತು ಬಿಚ್ಚುವ ನೋವಿನಿಂದ ಅತಿಥಿಗಳನ್ನು ಉಳಿಸುವುದೂ ಆತಿಥ್ಯವೇ.

ಪ್ರಶ್ನೆ: ಅನುಭವಿಗಳಿಗೆ ಏನು ಕೊಡಬೇಕು?

ಸಂಯುಕ್ತ ವಿಭಜನೆಗಳಲ್ಲಿ ಎಂಟರದ್ದು ಅಥವಾ ಹತ್ತರದ್ದು. ಎಂಟರ ಸಂಯುಕ್ತ ವಿಭಜನೆಯಲ್ಲಿ ಒಂಬತ್ತು ಪೂರ್ಣ ವೃತ್ತಗಳು ಸೇರಿ 6 ಚೌಕ, 8 ತ್ರಿಕೋನ, 12 ವಜ್ರಾಕೃತಿಗಳ ಕೇಂದ್ರಗಳನ್ನು ಕೊಡುತ್ತವೆ. ಹತ್ತರದ್ದರಲ್ಲಿ ಹದಿನೈದು ವೃತ್ತಗಳಿಂದ 12 ಪಂಚಕೋನ, 20 ತ್ರಿಕೋನ, 30 ವಜ್ರಾಕೃತಿಗಳ ಕೇಂದ್ರಗಳು ದೊರೆಯುತ್ತವೆ. ಪಂಚಕೋನಗಳಲ್ಲಿ ಹೊಶಿ, ಅಂದರೆ ನಕ್ಷತ್ರ ಹೊಲಿಯಬಹುದು. ತಾಳ್ಮೆಯಿದ್ದರೆ ಅಸಾನೊಹಾ, ಅಂದರೆ ಸೆಣಬಿನ ಎಲೆಯ ವಿನ್ಯಾಸವನ್ನು ಚೆಂಡಿನುದ್ದಕ್ಕೂ ಹೆಣೆಯಬಹುದು.

ಹತ್ತರ ಸಂಯುಕ್ತ ವಿಭಜನೆಗೆ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ: ನೆರೆಯ ಪಂಚಕೋನ ಕೇಂದ್ರಗಳ ನಡುವಿನ ದೂರ ತಿಳಿಯಲು ಸುತ್ತಳತೆಯ ಆರನೆಯ ಒಂದು ಭಾಗಕ್ಕೆ ಸುತ್ತಳತೆಯ ನೂರನೆಯ ಒಂದು ಭಾಗ ಕೂಡಿಸಬೇಕು. ಸುತ್ತಳತೆ 30 ಸೆಂ.ಮೀ. ಆದರೆ 5 ಮತ್ತು 0.3 ಸೇರಿ 5.3 ಸೆಂ.ಮೀ. ಎರಡು ನೆರೆಯ ಪಂಚಕೋನ ಕೇಂದ್ರಗಳ ನಡುವಿನ ನಿಖರ ದೂರ ಈ ಚೆಂಡಿನ ಮೇಲೆ ಸುಮಾರು 5.29 ಸೆಂ.ಮೀ., ಅಂದರೆ ಹಳೆಯ ಲೆಕ್ಕದ ವ್ಯತ್ಯಾಸ ನೂಲಿನ ದಪ್ಪಕ್ಕಿಂತಲೂ ಕಡಿಮೆ. ಹತ್ತು ಭಾಗ ಮಾಡಿದ ಚೆಂಡಿನಲ್ಲಿ ಉತ್ತರ ಧ್ರುವದಿಂದ ಒಂದು ಬಿಟ್ಟು ಒಂದು ಗೆರೆಯ ಮೇಲೆ ಈ ದೂರಕ್ಕೆ ಐದು ಸೂಜಿ, ದಕ್ಷಿಣದಿಂದ ಉಳಿದ ಗೆರೆಗಳ ಮೇಲೆ ಐದು ಸೂಜಿ ನೆಟ್ಟರೆ ಧ್ರುವಗಳೂ ಸೇರಿ ಹನ್ನೆರಡು ಕೇಂದ್ರಗಳಾದವು. ಎಲ್ಲ ನೆರೆಯ ಸೂಜಿಗಳ ನಡುವೆಯೂ ಅದೇ ದೂರ ಇದೆಯೇ ಎಂದು ಅಳೆದ ನಂತರವೇ ಉಳಿದ ವೃತ್ತಗಳನ್ನು ಹಾಕಬೇಕು. ಪಳಗಿದವರ ಚೆಂಡನ್ನೂ ಇನ್ನೊಬ್ಬರು ಅಳೆದು ನೋಡಲಿ. ತಾನೇ ನೆಟ್ಟ ಸೂಜಿಯ ತಪ್ಪು ತನ್ನ ಕಣ್ಣಿಗೆ ಬೇಗ ಬೀಳುವುದಿಲ್ಲ.

ಪ್ರಶ್ನೆ: ನೂಲನ್ನು ಯಾರು ತರಬೇಕು?

ಹೊಸಬರಿಗೆ ಆತಿಥೇಯರು ಕೊಡುವುದು ಮೇಲು, ಏಕೆಂದರೆ ಅಂಗಡಿಯಲ್ಲಿ ಸುಮ್ಮನೆ ಆರಿಸಿದ ಕಸೂತಿ ನೂಲು ಆರು ಎಳೆಗಳಾಗಿ ಬಿಡಿಸಿಕೊಂಡು ಹೊಲಿಗೆಯನ್ನು ಮಂಕಾಗಿಸುತ್ತದೆ. ಹುರಿ ಬಿಗಿಯಾಗಿರುವ 5ನೇ ನಂಬರಿನ ಪರ್ಲ್ ಕಾಟನ್ ಹೊಸಬರಿಗೂ, ತೆಳುವಾದ 8ನೇ ನಂಬರು ಸಣ್ಣ ವಿನ್ಯಾಸಗಳಿಗೂ ಹೊಂದುತ್ತವೆ. ಅನುಭವಿಗಳು ತಮ್ಮ ತಮ್ಮ ನೂಲಿನ ಪೆಟ್ಟಿಗೆ ತರಲಿ, ಮತ್ತು ಅವರಲ್ಲಿ ಬಳಕೆಯಾಗದೆ ಉಳಿದ ಲಡಿಗಳನ್ನು ಒಂದು ಸಾಮಾನ್ಯ ಬುಟ್ಟಿಗೆ ಹಾಕಲಿ. ಬಣ್ಣ ಆರಿಸುವಾಗ ಒಂದೇ ಮಾತು ಹೇಳಿಕೊಡಿ: ತಳದ ಬಣ್ಣದ ಮೇಲೆ ನೂಲನ್ನು ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಬೇಕು. ಲಡಿಯಲ್ಲಿ ಸುಂದರವಾಗಿ ಕಂಡ ಎರಡು ಬಣ್ಣಗಳು ಚೆಂಡಿನ ಮೇಲೆ ಒಂದರೊಳಗೊಂದು ಕರಗಿಹೋಗುವುದುಂಟು.

ಪ್ರಶ್ನೆ: ಕೋಣೆ ಮತ್ತು ಸಲಕರಣೆಗಳ ವ್ಯವಸ್ಥೆ ಹೇಗಿರಬೇಕು?

ಹಗಲಿನ ಬೆಳಕು ಒಂದು ಕಡೆಯಿಂದ ಬೀಳುವಂತಿರಲಿ, ಸಂಜೆಗೆ ಪ್ರತಿ ಮೇಜಿಗೂ ಒಂದು ದೀಪವಿರಲಿ. ಕೈ ಇಲ್ಲದ ಕುರ್ಚಿಗಳು ಬೇಕು, ಏಕೆಂದರೆ ಉದ್ದನೆಯ ನೂಲು ಎಳೆಯುವಾಗ ಮೊಣಕೈ ತಾಗುತ್ತದೆ. ಪ್ರತಿಯೊಬ್ಬರ ಮುಂದೆ ಚೆಂಡು ಉರುಳದಂತೆ ಇಡಲು ಒಂದು ಬಟ್ಟಲು, ಉದ್ದನೆಯ ದಪ್ಪ ಸೂಜಿ, ಮೊನಚಾದ ಸಣ್ಣ ಕತ್ತರಿ, ಅಳತೆ ಟೇಪು ಮತ್ತು ಎಣಿಸಿ ಕೊಟ್ಟ ಗುಂಡುಸೂಜಿಗಳು. ಎಣಿಸಿ ಕೊಟ್ಟು ಎಣಿಸಿಯೇ ಹಿಂದೆ ಪಡೆಯಿರಿ; ನೆಲಕ್ಕೆ ಬಿದ್ದ ಸೂಜಿಯಷ್ಟೇ ಅಪಾಯಕಾರಿ ಸೂಜಿ ಚೆಂಡಿನೊಳಗೆ ತಲೆಯವರೆಗೂ ಹುದುಗಿಹೋದದ್ದು. ಊಟ ತಿಂಡಿಗೆ ಬೇರೆ ಮೇಜು ಇರಲೇಬೇಕು.

ಪ್ರಶ್ನೆ: ಮಕ್ಕಳನ್ನು ಕರೆತರಬಹುದೇ?

ಸೂಜಿ ಹಿಡಿಯಬಲ್ಲ ವಯಸ್ಸಿನವರಾದರೆ ಕರೆತರಬಹುದು. ಚಿಕ್ಕವರಿಗೆ ಈ ಕೋಣೆ ಸುರಕ್ಷಿತವಲ್ಲ, ಇದನ್ನು ಆಹ್ವಾನದಲ್ಲೇ ಸ್ಪಷ್ಟಪಡಿಸಿ.

ಪ್ರಶ್ನೆ: ಎರಡು ದಿನಗಳನ್ನು ಹೇಗೆ ಹಂಚಬೇಕು?

ಶನಿವಾರ ಬೆಳಗ್ಗೆ ಗುರುತು, ಮಧ್ಯಾಹ್ನ ಮೊದಲ ಧ್ರುವದ ಹೊಲಿಗೆ, ಭಾನುವಾರ ಎರಡನೆಯ ಧ್ರುವ ಮತ್ತು ಸಮಭಾಜಕದ ಸುತ್ತ ನೂಲಿನ ಪಟ್ಟಿ. ಇದಕ್ಕಿಂತ ಹೆಚ್ಚಿನ ಕಾರ್ಯಕ್ರಮ ಬೇಡ. ಪ್ರಾತ್ಯಕ್ಷಿಕೆ, ಉಪನ್ಯಾಸ, ಸ್ಪರ್ಧೆ ಎಂದು ತುಂಬಿಸಿದರೆ ಜನ ಯಾವುದಕ್ಕಾಗಿ ಬಂದರೋ ಆ ತಡೆಯಿಲ್ಲದ ಹೊತ್ತೇ ಅವರಿಗೆ ಸಿಗುವುದಿಲ್ಲ. ತಾಸಿಗೊಮ್ಮೆ ಎದ್ದು ಬೆರಳು, ಕುತ್ತಿಗೆ, ಕಣ್ಣುಗಳಿಗೆ ಬಿಡುವು ಕೊಡುವಂತೆ ಮಾತ್ರ ನೆನಪಿಸುತ್ತಿರಿ. ಹಿಂದೆ ಬಿದ್ದವರನ್ನು ಅವಸರಪಡಿಸದಿರಿ, ಮತ್ತು ಅವರ ಚೆಂಡನ್ನು ನೀವೇ ತೆಗೆದುಕೊಂಡು ಹೊಲಿದುಕೊಡಬೇಡಿ. ತಮ್ಮದಲ್ಲದ ಹೊಲಿಗೆ ತಮ್ಮ ಚೆಂಡಿನಲ್ಲಿ ಕೊನೆಯವರೆಗೂ ಅವರ ಕಣ್ಣಿಗೆ ಚುಚ್ಚುತ್ತದೆ.

ಪ್ರಶ್ನೆ: ಕಲೆಯ ಇತಿಹಾಸದ ಬಗ್ಗೆ ಏನಾದರೂ ಹೇಳಬೇಕೇ?

ಸ್ವಲ್ಪ ಹೇಳಲೇಬೇಕು, ಆದರೆ ಕೈಗಳು ಕೆಲಸದಲ್ಲಿರುವಾಗ, ಸಂಭಾಷಣೆಯಂತೆ ಹೇಳಿ. ಎದೊ ಕಾಲದಲ್ಲಿ (1603–1868) ಹತ್ತಿ ನೂಲು ಸುಲಭವಾಗಿ ದೊರೆಯತೊಡಗಿದ ಮೇಲೆ ಶ್ರೀಮಂತರ ಮನೆತನಗಳ ಆಚೆಗೂ ತೆಮಾರಿ ಹರಡಿತು. ಹಾಡು ಹೇಳುತ್ತಾ ಪುಟಿಸುವ ಆಟಿಕೆಯಾಗಿದ್ದ ಅದು, ಮೆಯ್ಜಿ ಕಾಲದಲ್ಲಿ (1868–1912) ರಬ್ಬರ್ ಚೆಂಡು ಬಂದ ನಂತರ ಆಟದಿಂದ ಹಿಂದೆ ಸರಿದು ಅಲಂಕಾರದ ವಸ್ತುವಾಗಿ ಉಳಿಯಿತು.

ಊರೂರಿನ ಭೇದಗಳನ್ನು ತೋರಿಸುವುದು ಇನ್ನೂ ಹೆಚ್ಚು ಫಲಕಾರಿ. ಶಿಕೊಕು ದ್ವೀಪದ ಕಗಾವಾ ಪ್ರಾಂತದ ಸನುಕಿ ಕಗಾರಿ ತೆಮಾರಿಯಲ್ಲಿ ಹೊಟ್ಟಿನ ತಿರುಳಿನ ಮೇಲೆ ಸಸ್ಯಗಳಿಂದ ಬಣ್ಣ ಕಟ್ಟಿದ ಹತ್ತಿ ನೂಲನ್ನು ಬಳಸುತ್ತಾರೆ. ಸಕ್ಕರೆ ಮತ್ತು ಉಪ್ಪಿನ ಜೊತೆಗೆ ಹತ್ತಿಯೂ ಆ ಸೀಮೆಯ ಹೆಸರಾಂತ ಮೂರು ಬಿಳಿ ಸರಕುಗಳಲ್ಲಿ ಒಂದಾಗಿತ್ತು ಎಂದು ತಿಳಿದರೆ ಆ ಚೆಂಡಿನ ಮೆದು ಹೊಳಪಿಗೆ ಕಾರಣ ಹೊಳೆಯುತ್ತದೆ. ಅಕಿತಾ ಪ್ರಾಂತದ ಹೊಂಜೊ ಗೊತೆನ್ ಮಾರಿಗೆ ಮೂರು ಬದಿಯಲ್ಲಿ ಕುಚ್ಚುಗಳಿರುತ್ತವೆ. ಇಶಿಕಾವಾ ಪ್ರಾಂತದ ಕನಾಜಾವಾದಲ್ಲಿ ಮದುವೆಯಾಗಿ ಹೋಗುವ ಮಗಳಿಗೆ ತೆಮಾರಿ ಕೊಡುವ ರೂಢಿಯಿದೆ. 1601ರಲ್ಲಿ, ಮುಂದೆ ಜಪಾನನ್ನಾಳಿದ ತೊಕುಗಾವಾ ಮನೆತನದ ಹೆಣ್ಣುಮಗು ತಮಾಹಿಮೆ ಅಲ್ಲಿನ ಒಡೆಯರಾದ ಮಾಯೆದಾ ಮನೆತನಕ್ಕೆ ಸೊಸೆಯಾಗಿ ಬಂದಾಗ ತನ್ನೊಂದಿಗೆ ತೆಮಾರಿ ತಂದಳೆಂಬ ಕಥೆಯನ್ನು ಅಲ್ಲಿಯವರು ಹೇಳುತ್ತಾರೆ. ನಗಾನೊ ಪ್ರಾಂತದ ಮತ್ಸುಮೊತೊ ನಗರದಲ್ಲಂತೂ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳಗಳ ಮೇಲೂ ತೆಮಾರಿಯ ಚಿತ್ರವಿದೆ. ನಾವು ಹೊಲಿಯುವ ವಿನ್ಯಾಸ ಎಲ್ಲಿಯದೆಂದು ತಿಳಿದು, ಅದರ ಹೆಸರನ್ನು ಹೇಳಿ ಹೊಲಿಯುವುದು ಆ ಊರಿನ ಕೈಗಳಿಗೆ ನಾವು ಸಲ್ಲಿಸಬೇಕಾದ ಗೌರವ.

ಪ್ರಶ್ನೆ: ಪುಸ್ತಕದ ವಿನ್ಯಾಸಗಳನ್ನು ಜೆರಾಕ್ಸ್ ಮಾಡಿ ಹಂಚಬಹುದೇ?

ಬೇಡ. ಸೇವಂತಿಗೆ, ನಕ್ಷತ್ರ, ಸೆಣಬಿನ ಎಲೆಯಂಥ ಪಾರಂಪರಿಕ ವಿನ್ಯಾಸಗಳು ಎಲ್ಲರಿಗೂ ಸೇರಿದವು, ಅವುಗಳ ಸೂಚನೆಯನ್ನು ನೀವೇ ನಿಮ್ಮ ಮಾತಿನಲ್ಲಿ ಬರೆದು, ನೀವೇ ಚಿತ್ರ ಬಿಡಿಸಿ ಹಂಚಬಹುದು. ಒಬ್ಬ ಲೇಖಕರು ರೂಪಿಸಿ ಪ್ರಕಟಿಸಿದ ಪುಟಗಳನ್ನು ಹಂಚಲು ಅವರ ಅನುಮತಿ ಬೇಕು. ಪುಸ್ತಕವನ್ನು ಮೇಜಿನ ಮೇಲಿಟ್ಟು ಎಲ್ಲರೂ ನೋಡುವಂತೆ ಮಾಡಲು ಯಾವ ಅಡ್ಡಿಯೂ ಇಲ್ಲ.

ಪ್ರಶ್ನೆ: ಖರ್ಚನ್ನು ಹೇಗೆ ಹಂಚಿಕೊಳ್ಳಬೇಕು?

ನೂಲು, ಚೆಂಡು ಮತ್ತು ಊಟದ ಲೆಕ್ಕವನ್ನು ಆಹ್ವಾನದಲ್ಲೇ ಬರೆದು ತಿಳಿಸಿ, ಮುಂಚಿತವಾಗಿ ಪಡೆಯಿರಿ. ಕೂಟದ ನಡುವೆ ಹಣದ ಮಾತು ಬರದಿರಲಿ.

ಪ್ರಶ್ನೆ: ಚೆಂಡುಗಳ ವಿನಿಮಯ ಇಟ್ಟುಕೊಳ್ಳಬಹುದೇ?

ಕೂಟದಲ್ಲಿ ಹೊಲಿದದ್ದನ್ನು ವಿನಿಮಯಕ್ಕೆ ಇಡಬೇಡಿ. ಹೊಸಬರಿಗೆ ತಮ್ಮ ಮೊದಲ ಚೆಂಡನ್ನು ಬಿಟ್ಟುಕೊಡುವುದು ಸುಲಭವಲ್ಲ, ಕೇಳಿದಾಗ ಇಲ್ಲವೆನ್ನುವುದೂ ಸುಲಭವಲ್ಲ. ವಿನಿಮಯ ಬೇಕೆಂದಿದ್ದರೆ ಮನೆಯಲ್ಲಿ ಮುಂಚೆಯೇ ಮಾಡಿದ ಚೆಂಡೊಂದನ್ನು ಇಷ್ಟವಿದ್ದವರು ತರಲಿ.

ಪ್ರಶ್ನೆ: ಭಾನುವಾರ ಸಂಜೆ ಮುಗಿಯದೆ ಉಳಿದ ಚೆಂಡುಗಳ ಗತಿಯೇನು?

ಹೆಚ್ಚಿನವು ಮುಗಿದಿರುವುದಿಲ್ಲ, ಮತ್ತು ಅದು ಕೂಟದ ಸೋಲಲ್ಲ. ಹೊರಡುವ ಮೊದಲು ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಚೆಂಡಿನ ಸುತ್ತಳತೆ, ನೂಲುಗಳ ಬಣ್ಣದ ನಂಬರು, ಮುಗಿದ ಸುತ್ತುಗಳ ಸಂಖ್ಯೆ ಮತ್ತು ಮುಂದಿನ ಹೊಲಿಗೆ ಯಾವ ಗೆರೆಯಿಂದ ಆರಂಭವಾಗಬೇಕು ಎಂಬುದನ್ನು ಬರೆದುಕೊಳ್ಳುವಂತೆ ಮಾಡಿ. ವಾರ ಕಳೆದ ಮೇಲೆ ಇದೊಂದೂ ನೆನಪಿರುವುದಿಲ್ಲ. ಹೊಲಿಗೆಯ ಸೂಜಿಯನ್ನು ಚೆಂಡಿಗೆ ಚುಚ್ಚಿ ಬಿಡದೆ ನೂಲಿನಿಂದ ಬಿಡಿಸಿ ಬೇರೆ ಇಡಬೇಕು, ಗುರುತಿನ ಗುಂಡುಸೂಜಿಗಳು ಮಾತ್ರ ಇದ್ದಲ್ಲೇ ಇರಲಿ, ಅವುಗಳ ಲೆಕ್ಕವನ್ನೂ ಚೀಟಿಗೆ ಸೇರಿಸಿ. ಚೆಂಡು ಚೀಲದಲ್ಲಿ ಅದುಮಿಹೋಗುವುದರಿಂದ ಗಟ್ಟಿಯಾದ ಡಬ್ಬಿಯಲ್ಲಿ ಒಯ್ಯುವಂತೆ ಹೇಳಿ. ಹದಿನೈದು ದಿನದೊಳಗೆ ಮುಗಿದ ಚೆಂಡಿನ ಎರಡೂ ಧ್ರುವಗಳ ಫೋಟೋ ಕಳುಹಿಸುವಂತೆ ಕೋರಿದರೆ, ಯಾರಿಗೆ ಎಲ್ಲಿ ತೊಡಕಾಯಿತೆಂದು ಗೊತ್ತಾಗುತ್ತದೆ, ಮುಂದಿನ ಕೂಟದಲ್ಲಿ ಯಾವ ಹೊಲಿಗೆಯಿಂದ ಆರಂಭಿಸಬೇಕೆಂಬುದೂ ಅಲ್ಲಿಯೇ ತೀರ್ಮಾನವಾಗುತ್ತದೆ.